ಇಂಜಿನಿಯರಿಂಗ್ ಆಯ್ತು, ಫೈನಾನ್ಸ್‌ನಲ್ಲಿ ಯಾವ ಕೋರ್ಸ್ ಮಾಡ್ಲಿ ಅಣ್ಣಾ?

ಈ ಪ್ರಶ್ನೆ ನನಗೆ ಮದುವೆ ಪಂಕ್ತಿಯಲ್ಲಿ ಬಂದಿದೆ. ಶರಣಬಸವೇಶ್ವರ ಜಾತ್ರೆಯ ಗದ್ದಲದಲ್ಲಿ ಬಂದಿದೆ. ಒಮ್ಮೆ ಕಟಿಂಗ್ ಮಾಡಿಸಿಕೊಳ್ಳುವಾಗ ಪಕ್ಕದ ಕುರ್ಚಿಯಿಂದಲೂ ಬಂತು. ಕೇಳುವವರು ಬೇರೆ ಬೇರೆ, ಮಾತು ಒಂದೇ. "ಬಿಇ ಮುಗೀತು. ಓದಿದ ಬ್ರಾಂಚ್‌ನಲ್ಲಿ ನೌಕರಿ ಇಲ್ಲ, ಕೋಡಿಂಗ್ ಬೇಜಾರು. ಫೈನಾನ್ಸ್ ಮಾಡಬೇಕಂತ ಇದೀನಿ. ಎಂಬಿಎ ಮಾಡ್ಲಾ, ಎಂಎಸ್ ಮಾಡ್ಲಾ, ಸಿಎಫ್‌ಎ ಬರೀಲಾ?"

ನನ್ನನ್ನೇ ಯಾಕೆ ಕೇಳುತ್ತಾರೆ ಅಂದರೆ, ನಾನೂ ಕಲಬುರಗಿಯಲ್ಲೇ ಮೆಕ್ಯಾನಿಕಲ್ ಓದಿ, ಆಮೇಲೆ ಹೈದರಾಬಾದಿನಲ್ಲಿ ಫೈನಾನ್ಸ್ ಮಾಡಿದವನು. ಈಗ ಊರಲ್ಲೇ ಒಂದು ಬ್ಯಾಂಕಿನ ಸಾಲದ ವಿಭಾಗದಲ್ಲಿದ್ದೇನೆ. ಪ್ರತಿ ಸಲ ಅದದೇ ಹೇಳಿ ಸಾಕಾಗಿ ಇಲ್ಲಿ ಬರೆದಿಡುತ್ತಿದ್ದೇನೆ.

ಯಾರೇ ಕೇಳಿದರೂ ನಾನು ಮೊದಲು ಒಂದು ಮಾತು ಕೇಳುತ್ತೇನೆ. ನಿನಗೆ ಗಣಿತ ಇಷ್ಟವಾ, ಲೆಕ್ಕ ಇಷ್ಟವಾ? ಹುಡುಗರು ನಗುತ್ತಾರೆ. ಎರಡೂ ಒಂದೇ ಅಲ್ವಾ ಅಂತಾರೆ. ಒಂದೇ ಅಲ್ಲ, ಲೆಕ್ಕ ಅಂದರೆ ಇಲ್ಲಿ ಜಮಾ-ಖರ್ಚಿನ ಲೆಕ್ಕ, ಅಕೌಂಟಿಂಗ್. ನಾನು ಪೆಟ್ಟು ತಿಂದಿದ್ದೇ ಅಲ್ಲಿ.

ಇಂಜಿನಿಯರಿಂಗ್‌ನ ನಾಲ್ಕನೇ ಗಣಿತ ಪೇಪರ್ ಎಂ-4ರವರೆಗೆ ಪಾಸು ಮಾಡಿದವನಿಗೆ ಫೈನಾನ್ಸ್ ಯಾವ ಲೆಕ್ಕ ಅಂದುಕೊಂಡು ಹೋಗಿದ್ದೆ. ಮೊದಲ ಅಕೌಂಟಿಂಗ್ ಇಂಟರ್ನಲ್‌ನಲ್ಲಿ ಮೂವತ್ತಕ್ಕೆ ಹನ್ನೊಂದು ಬಂತು. ಪಕ್ಕದಲ್ಲಿ ಕೂತಿದ್ದ ಬಿಕಾಂ ಹುಡುಗಿಗೆ ಇಪ್ಪತ್ತೆಂಟು. ನಾನು ಎಡವಿದ್ದು ಬಹಳ ಸಣ್ಣದರಲ್ಲಿ. "ನಿಮ್ಮ ಖಾತೆಯಿಂದ 500 ರೂ. ಡೆಬಿಟ್ ಆಗಿದೆ" ಅಂತ ಫೋನಿಗೆ ಮೆಸೇಜ್ ಬರುತ್ತದಲ್ಲ, ಅದನ್ನು ನೋಡಿ ನೋಡಿ ಡೆಬಿಟ್ ಅಂದರೆ ದುಡ್ಡು ಹೋಗುವುದು ಅಂತ ತಲೆಯಲ್ಲಿ ಕೂತಿತ್ತು. ಆ ಮೆಸೇಜ್ ಬ್ಯಾಂಕಿನ ಪುಸ್ತಕದ ಮಾತು. ನಾವು ಇಟ್ಟ ದುಡ್ಡು ಬ್ಯಾಂಕಿಗೆ ಸಾಲ, ನಮಗೆ ವಾಪಸ್ ಕೊಡಬೇಕಾದ್ದು. ನಾವು ತೆಗೆದರೆ ಅವರ ಸಾಲ ಕಡಿಮೆಯಾಯಿತು, ಅವರ ಪುಸ್ತಕದಲ್ಲಿ ಡೆಬಿಟ್. ನಮ್ಮ ಪುಸ್ತಕದಲ್ಲಿ ಅದೇ ಐನೂರು ಬ್ಯಾಂಕ್ ಖಾತೆಗೆ ಕ್ರೆಡಿಟ್. ಇದು ತಲೆಗೆ ಹತ್ತಲು ನನಗೆ ಒಂದು ತಿಂಗಳು ಬೇಕಾಯಿತು. ನಮ್ಮೂರ ಮಾರುಕಟ್ಟೆ ನೆಹರು ಗಂಜಿನಲ್ಲಿ ಕಿರ್ದಿ ಬರೆಯುವ ಮುನೀಮರಿಗೆ ಇದನ್ನು ಯಾರೂ ಕಲಿಸಬೇಕಿಲ್ಲ.

ಗಣಿತದ ಕಡೆಯಿಂದಲೂ ಫೈನಾನ್ಸ್‌ಗೆ ಒಂದು ಬಾಗಿಲಿದೆ, ಸುಳ್ಳಲ್ಲ. ಆಪ್ಷನ್ (ಮುಂದೆ ನಿಗದಿತ ಬೆಲೆಗೆ ಕೊಳ್ಳುವ ಇಲ್ಲವೇ ಮಾರುವ ಹಕ್ಕು) ಬೆಲೆ ಕಟ್ಟುವ ಬ್ಲ್ಯಾಕ್-ಶೋಲ್ಸ್ ಸಮೀಕರಣ 1973ರದ್ದು. ಅದನ್ನು ಸ್ವಲ್ಪ ತಿರುವಿ ಬರೆದರೆ ನಾವು ಮೆಕ್ಯಾನಿಕಲ್‌ನಲ್ಲಿ ಓದಿದ ಶಾಖ ಹರಡುವುದನ್ನು ಹೇಳುವ ಹೀಟ್ ಈಕ್ವೇಶನ್ನೇ ಆಗುತ್ತದೆ. ಅದನ್ನು ನೋಡಿದ ದಿನ ನನಗೆ ಹಳೇ ದೋಸ್ತ್ ಸಿಕ್ಕಷ್ಟು ಖುಷಿಯಾಗಿತ್ತು. ಆದರೆ ಆ ಬಾಗಿಲ ಹಿಂದೆ ಕುರ್ಚಿಗಳು ಕಡಿಮೆ. ಅವೂ ಮುಂಬೈ, ಬೆಂಗಳೂರು, ಇಲ್ಲವೇ ಹೊರದೇಶದಲ್ಲಿ. ನಮ್ಮ ತೊಗರಿಯ ಮೇಲೆ ಈ ವಿದ್ಯೆ ತೋರಿಸೋಣ ಅಂದರೆ ಅದಕ್ಕೆ ವಾಯಿದಾ ವ್ಯಾಪಾರವೇ (ಮುಂದಿನ ದಿನಕ್ಕೆ ಈಗಲೇ ಬೆಲೆ ಮಾಡುವ ಫ್ಯೂಚರ್ಸ್) ಇಲ್ಲ. 2007ರ ಜನವರಿಯಲ್ಲೇ ನಿಲ್ಲಿಸಿದರು.

ಉಳಿದ ಬಹುಪಾಲು ಕೆಲಸ ಲೆಕ್ಕದ ಬಾಗಿಲಲ್ಲಿದೆ. ನನ್ನ ಟೇಬಲ್ಲಿಗೆ ಬರುವ ಒಂದು ದಾಲ್ ಮಿಲ್ ಫೈಲನ್ನೇ ನೋಡಿ. ಹೊಸ ತೊಗರಿ ಡಿಸೆಂಬರ್‌ನಿಂದ ಮೂರ್ನಾಲ್ಕು ತಿಂಗಳು ಮಾರುಕಟ್ಟೆಗೆ ಬರುತ್ತದೆ. ಬೇಳೆ ಮಾರುವುದು ವರ್ಷಪೂರ್ತಿ. ಹಾಗಾಗಿ ಮಿಲ್ಲಿನವರು ಸೀಸನ್‌ನಲ್ಲಿ ಮಾಲು ತುಂಬಿಕೊಳ್ಳಲು ಸಿಸಿ ಲಿಮಿಟ್ (ಮಾಲಿನ ಮೇಲೆ ಬೇಕಾದಾಗ ಎತ್ತುವ ಕ್ಯಾಶ್ ಕ್ರೆಡಿಟ್ ಸಾಲ) ಕೇಳುತ್ತಾರೆ. ಗೋದಾಮಿನಲ್ಲಿ 80 ಲಕ್ಷದ ತೊಗರಿ ಇದೆ ಅಂತ ಸ್ಟಾಕ್ ಸ್ಟೇಟ್‌ಮೆಂಟ್ ಕೊಡುತ್ತಾರೆ. ಅದರಲ್ಲಿ 30 ಲಕ್ಷದ ಮಾಲಿಗೆ ಅಡತಿಯವರಿಗೆ ಇನ್ನೂ ದುಡ್ಡು ಕೊಟ್ಟಿಲ್ಲ. ಹಾಗಿದ್ದರೆ ಅವರದೇ ದುಡ್ಡಿನ ಮಾಲು 50 ಲಕ್ಷದ್ದು. ಅದಕ್ಕೆ ಶೇ 25 ಮಾರ್ಜಿನ್, ಅಂದರೆ ಅವರೇ ಹಾಕಬೇಕಾದ ಪಾಲು, ಹಿಡಿದರೆ 37.5 ಲಕ್ಷದವರೆಗೆ ಎತ್ತಬಹುದು. ಗಣಿತ ಇಷ್ಟೇ, ಏಳನೇ ಕ್ಲಾಸಿನದು. ಕಷ್ಟ ಇರುವುದು ಆ 30 ಲಕ್ಷ ಕಾಗದದ ಮೇಲೆ ಕಾಣದಂತೆ ಎಲ್ಲಿ ಅಡಗಿದೆ ಅಂತ ಪತ್ತೆ ಹಚ್ಚುವುದರಲ್ಲಿ. ಇದರಲ್ಲಿ ಮಜಾ ಬಂದರೆ ನೀವು ಈ ಕಡೆಯವರು.

ಈಗ ಕೋರ್ಸಿನ ಮಾತು. ಲೆಕ್ಕದ ಕಡೆಯವರಿಗೆ ಎಂಬಿಎ ಸರಿ. ಐಐಎಂಗಳಿಗೆ ಸೇರಲು ಬರೆಯುವ ಕ್ಯಾಟ್ ಪರೀಕ್ಷೆ ವರ್ಷಕ್ಕೆ ಒಂದೇ ಸಲ, ನವೆಂಬರ್ ಕೊನೆಗೆ. ಮೂರು ಭಾಗ, ಒಂದೊಂದಕ್ಕೆ 40 ನಿಮಿಷ. ಕೋಳಿಕ್ಕೋಡ್ ಐಐಎಂ 2020ರಿಂದ ಫೈನಾನ್ಸ್‌ಗೇ ಬೇರೆ ಪಿಜಿಪಿ (ಎಂಬಿಎ ಕೋರ್ಸ್) ನಡೆಸುತ್ತಿದೆ, ಅದನ್ನೂ ನೋಡಿ. ಗಣಿತದ ಕಡೆಯವರು ಐಎಸ್‌ಐನ (ಇಂಡಿಯನ್ ಸ್ಟಾಟಿಸ್ಟಿಕಲ್ ಇನ್‌ಸ್ಟಿಟ್ಯೂಟ್) ಎಂಎಸ್‌ಕ್ಯುಇ, ಅಂದರೆ ಗಣಿತ ಬಳಸುವ ಅರ್ಥಶಾಸ್ತ್ರದ ಎಂಎಸ್, ನೋಡಬೇಕು. 2015ರಲ್ಲಿ ಐಐಎಂ ಕಲ್ಕತ್ತಾ, ಐಎಸ್‌ಐ, ಖರಗ್‌ಪುರ ಐಐಟಿ ಸೇರಿ ಶುರು ಮಾಡಿದ ಪಿಜಿಡಿಬಿಎ (ಬಿಸಿನೆಸ್ ಅನಲಿಟಿಕ್ಸ್ ಡಿಪ್ಲೊಮಾ) ಇದೆ. ಹೊರದೇಶದಲ್ಲಾದರೆ ಫೈನಾನ್ಷಿಯಲ್ ಇಂಜಿನಿಯರಿಂಗ್, ಅಂದರೆ ಫೈನಾನ್ಸ್‌ಗೆ ಗಣಿತ ಹಚ್ಚುವ ಕೋರ್ಸ್. ಅಮೆರಿಕಕ್ಕೆ ಹೋಗುವವರು ಆ ಕೋರ್ಸ್ ಅಲ್ಲಿನ ಸರ್ಕಾರದ ಸ್ಟೆಮ್ (ವಿಜ್ಞಾನ, ತಂತ್ರಜ್ಞಾನ, ಇಂಜಿನಿಯರಿಂಗ್, ಗಣಿತ) ಪಟ್ಟಿಯಲ್ಲಿದೆಯಾ ಅಂತ ಮೊದಲೇ ಕೇಳಿಕೊಳ್ಳಿ. ಇದ್ದರೆ ಓದಿದ ಮೇಲೆ 12 ತಿಂಗಳ ಜೊತೆ ಇನ್ನೂ 24 ತಿಂಗಳು ಕೆಲಸ ಮಾಡಲು ಅವಕಾಶವಿದೆ. ಸಿಎಫ್‌ಎ ಹೂಡಿಕೆ ಕೆಲಸದವರ ಒಂದು ಅರ್ಹತೆ, ಡಿಗ್ರಿ ಅಲ್ಲ. ಮೂರು ಹಂತದ ಪರೀಕ್ಷೆ, ಮೇಲೆ 4,000 ಗಂಟೆ ಕೆಲಸದ ಅನುಭವ ಬೇಕು. ಒಳ್ಳೆಯದೇ, ಆದರೆ ಮೊದಲ ನೌಕರಿ ಅದೇ ಕೊಡಿಸುತ್ತದೆ ಅಂದುಕೊಳ್ಳಬೇಡಿ.

ಸಂವಿಧಾನದ 371ಜೆ, ಅಂದರೆ ನಮ್ಮ ಕಲ್ಯಾಣ ಕರ್ನಾಟಕದವರ ಮೀಸಲಾತಿ, ಅದರ ಬಗ್ಗೆಯೂ ಕೇಳುತ್ತಾರೆ. ಅದು ರಾಜ್ಯದ ಒಳಗಿನ ಸೌಲಭ್ಯ. ರಾಜ್ಯದ ಪ್ರವೇಶ ಪರೀಕ್ಷೆ ಪಿಜಿಸಿಇಟಿ ಬರೆದು ನಮ್ಮ ಭಾಗದ ಕಾಲೇಜಿನಲ್ಲಿ ಎಂಬಿಎ ಸೇರುವವರಿಗೆ ಶೇ 70 ಸೀಟು, ಉಳಿದ ಕರ್ನಾಟಕದಲ್ಲಿ ಶೇ 8. ಐಐಎಂ ಬಾಗಿಲಲ್ಲಿ ಆ ಸರ್ಟಿಫಿಕೇಟ್ ನಡೆಯುವುದಿಲ್ಲ.

ಹೋದ ವರ್ಷ ಆಳಂದ ಕಡೆಯ ಒಬ್ಬ ಹುಡುಗ ಅಪ್ಪನನ್ನು ಕರಕೊಂಡು ಮನೆಗೆ ಬಂದಿದ್ದ. ಯಾವುದೋ ಕಾಲೇಜು, ಎರಡು ವರ್ಷಕ್ಕೆ 25 ಲಕ್ಷ. "ಎರಡು ಎಕರೆ ಹೋದ್ರೂ ಅಡ್ಡಿ ಇಲ್ರೀ, ಮಗ ಓದಲಿ" ಅಂದರು ಅಪ್ಪ. ನಾನು ಲ್ಯಾಪ್‌ಟಾಪ್ ತೆಗೆದೆ. ಪೂರ್ತಿ ಸಾಲ ಮೊದಲ ದಿನವೇ ಎತ್ತಿದ್ದು ಅಂತ ಇಟ್ಟುಕೊಳ್ಳಿ, ಬಡ್ಡಿ ಶೇ 11. ಓದುವ ಎರಡು ವರ್ಷದ ಬಡ್ಡಿಯೇ ಐದೂವರೆ ಲಕ್ಷ. ಅಲ್ಲಿಗೆ 30.5 ಲಕ್ಷ. ಹತ್ತು ವರ್ಷಕ್ಕೆ ತಿಂಗಳ ಕಂತು ಸುಮಾರು 42,000. "ಇವನ ಪಗಾರ ಎಷ್ಟು ಬರ್ತದ್ರೀ?" ಅಂತ ಅಪ್ಪ ಕೇಳಿದರು. ಹುಡುಗ ಕಾಲೇಜಿನ ಪುಸ್ತಿಕೆ ತೆಗೆದು ಅತಿ ಹೆಚ್ಚಿನ ಪ್ಯಾಕೇಜ್ ತೋರಿಸಿದ. ಅದು ಒಬ್ಬನಿಗೆ ಸಿಕ್ಕಿದ್ದು. ನಡುವಿನವನಿಗೆ, ಅಂದರೆ ನೂರು ಜನರಲ್ಲಿ ಐವತ್ತನೆಯವನಿಗೆ ಎಷ್ಟು ಸಿಕ್ಕಿತು ಅನ್ನುವುದು ಪುಸ್ತಿಕೆಯಲ್ಲಿ ಎಲ್ಲೂ ಇರಲಿಲ್ಲ. ನಾನಾದರೆ ಅಲ್ಲಿಗೇ ಆ ಕಾಲೇಜು ಬಿಡುತ್ತೇನೆ.

ಇನ್ನೊಂದು ಗುಟ್ಟು, ಬ್ಯಾಂಕಿನವನಾಗಿ ಹೇಳುತ್ತಿದ್ದೇನೆ. ಹೆಸರಾದ ಸಂಸ್ಥೆಗಳಿಗೆ ಬ್ಯಾಂಕುಗಳು ಅಡವಿಲ್ಲದೆ ದೊಡ್ಡ ಸಾಲ ಕೊಡುತ್ತವೆ. ಅದಕ್ಕೆ ಅವರದೇ ಪಟ್ಟಿ ಇರುತ್ತದೆ. ನಿಮ್ಮ ಕಾಲೇಜಿನ ಹೆಸರು ಕೇಳಿದ ಕೂಡಲೇ ಮ್ಯಾನೇಜರ್ ಹೊಲದ ಪಹಣಿ ಕೇಳಿದರೆ, ಆ ಪಟ್ಟಿಯಲ್ಲಿ ಅದು ಇಲ್ಲ ಅಂತ ತಿಳಿಯಿರಿ. ಯೂಟ್ಯೂಬಿನ ಹತ್ತು ರ‍್ಯಾಂಕಿಂಗ್‌ಗಿಂತ ನನಗೆ ಇದರ ಮೇಲೆ ನಂಬಿಕೆ ಜಾಸ್ತಿ. ಬಡ್ಡಿಗೆ ತೆರಿಗೆ ವಿನಾಯಿತಿ ಸಿಗುತ್ತದೆ, ಆದರೆ ಎಂಟು ವರ್ಷ ಮಾತ್ರ, ಅದೂ ಹಳೇ ತೆರಿಗೆ ಪದ್ಧತಿಯಲ್ಲಿದ್ದರೆ.

ಆ ಹುಡುಗನಿಗೆ ಒಂದು ಕೆಲಸ ಕೊಟ್ಟು ಕಳಿಸಿದೆ. ವಾಡಿಯ ಎಸಿಸಿ ಸಿಮೆಂಟ್ ಕಾರ್ಖಾನೆ ಚಿಮಣಿ ರೈಲಿನಿಂದ ನೋಡಿದ್ದೀಯಲ್ಲ, ಆ ಕಂಪನಿಯ ವಾರ್ಷಿಕ ವರದಿ ಪುಕ್ಕಟೆ ಸಿಗುತ್ತದೆ, ಇಳಿಸಿಕೊಂಡು ಓದು ಅಂದೆ. ಬೋರಾದರೆ ಸುಮ್ನೆ ಮುಚ್ಚಿಡು, ಗಣಿತದ ಕಡೆ ನೋಡೋಣ. ಮೂರು ವಾರ ಸುದ್ದಿ ಇಲ್ಲ. ಆಮೇಲೆ ಒಂದು ರಾತ್ರಿ ಹತ್ತು ಗಂಟೆಗೆ ಫೋನು. "ಅಣ್ಣಾ, ಸವಕಳಿ ಅಂತ ಖರ್ಚು ಹಾಕ್ಯಾರ. ಆದ್ರ ಕ್ಯಾಶ್ ಫ್ಲೋನಾಗ ಅದನ್ನ ವಾಪಸ್ ಯಾಕ ಕೂಡಿಸ್ಯಾರ?" ಸವಕಳಿ ಅಂದರೆ ಮಷೀನಿನ ಬೆಲೆಯನ್ನು ವರ್ಷ ವರ್ಷಕ್ಕೆ ಹಂಚಿ ಬರೆಯುವುದು, ಖರ್ಚು ಬರೆದರೂ ಆ ವರ್ಷ ದುಡ್ಡು ಕೈಬಿಟ್ಟು ಹೋಗಿರುವುದಿಲ್ಲ, ಮಷೀನ್ ಕೊಂಡ ದಿನವೇ ಹೋಗಿರುತ್ತದೆ ಅಂತ ಹೇಳಿ, ಅರ್ಧ ಗಂಟೆ ಮಾತಾಡಿದೆವು.

ಈಗ ಅವನು ಕ್ಯಾಟ್‌ಗೆ ಓದುತ್ತಿದ್ದಾನೆ. 25 ಲಕ್ಷದ ಕಾಲೇಜಿನಿಂದ ಇನ್ನೂ ವಾರಕ್ಕೆ ಎರಡು ಸಲ ಫೋನ್ ಬರುತ್ತದಂತೆ. ಅಪ್ಪನೇ ಎತ್ತಿ, "ನಡುವಿನ ಹುಡುಗಂದು ಪಗಾರ ಎಷ್ಟ್ರೀ?" ಅಂತ ಕೇಳುತ್ತಾರಂತೆ.