ಆಯಿಯ ಹೆಜ್ಜೆ ಲೆಕ್ಕ

ಶಿರಸಿ, 17 ನವೆಂಬರ್ 2024, ಭಾನುವಾರ

ಇವತ್ತು ಆಯಿ, ಅಂದರೆ ನನ್ನ ಅಮ್ಮ, 30 ಸೆಕೆಂಡಿನಲ್ಲಿ ಎಂಟು ಸಲ ಕುರ್ಚಿಯಿಂದ ಎದ್ದು ಕೂತಳು. ಎರಡೂ ಕೈ ಎದೆಗೆ ಕಟ್ಟಿಕೊಂಡು, ಎಲ್ಲೂ ಊರದೆ. ಹದಿನೈದು ದಿನದ ಹಿಂದೆ ನಾಲ್ಕೇ ಸಲ ಆಗಿತ್ತು. ಅವಳಿಗೆ 78. ಈ ವಯಸ್ಸಿನ ಹೆಂಗಸರು 10ಕ್ಕಿಂತ ಕಡಿಮೆ ಸಲ ಎದ್ದರೆ ಕಾಲಿನ ಬಲ ಸಾಲದು ಅಂತ ಲೆಕ್ಕ. ಇನ್ನೆರಡು ಬೇಕು.

ಡಿಸೆಂಬರ್‌ನಲ್ಲಿ ಪಿತ್ತಕೋಶದ ಕಲ್ಲಿನ ಆಪರೇಷನ್. ದಿನ ಗೊತ್ತಾದ ಕೂಡಲೇ ನಾನು ಮಾಡಿದ ತಪ್ಪು ಅಂದರೆ ಅವಳನ್ನು ಮಲಗಿಸಿದ್ದು. 'ಸುಮ್ನೆ ಮಲಗಿರು, ಶಕ್ತಿ ಉಳಿಯಲಿ' ಅಂತ ಊಟವನ್ನೂ ಮಂಚಕ್ಕೇ ಒಯ್ದು ಕೊಟ್ಟೆ. ಎರಡು ವಾರದಲ್ಲಿ ಬಚ್ಚಲಿಗೆ ಹೋಗಲೂ ಗೋಡೆ ಹಿಡಿಯುವ ಹಾಗಾಯಿತು. ಫಿಸಿಯೋಥೆರಪಿಸ್ಟ್ ನೋಡಿ, ಮೊದಲು ಎಬ್ಬಿಸಿ ಅಂದರು. ಆಮೇಲೆ 2007ರ ಒಂದು ಅಧ್ಯಯನದ ಬಗ್ಗೆ ಓದಿದೆ. ಗಟ್ಟಿಮುಟ್ಟಾಗಿದ್ದ ಹಿರಿಯರೇ 10 ದಿನ ಹಾಸಿಗೆಯಲ್ಲಿದ್ದು ಕಾಲಿನ ಸ್ನಾಯು ಸುಮಾರು ಒಂದು ಕಿಲೋ ಕಳೆದುಕೊಂಡಿದ್ದರಂತೆ. ಆಯಿಯ ಕಡ್ಡಿಯಂಥ ಕಾಲು ನೆನಪಾಗಿ ಹೊಟ್ಟೆ ಚುರ್ ಅಂತು.

ಈಗ ದಿನಕ್ಕೆ ಮೂರು ಸಲ ಜಗಲಿಯಲ್ಲಿ ನಡಿಗೆ. ಬೆಳಗ್ಗೆ ತಪ್ಪದೆ ಹೆಸರುಕಾಳಿನ ಉಸಲಿ. ತಲೆ ಸುತ್ತಿದರೆ, ಎದೆ ನೋವು ಬಂದರೆ ಅಲ್ಲಿಗೇ ನಿಲ್ಲಿಸಬೇಕು.

ತಮ್ಮ ಬೆಂಗಳೂರಿನಿಂದ ಸ್ಮಾರ್ಟ್‌ವಾಚ್ ಕಳಿಸಿದ್ದ. ಮೊದಲ ದಿನ ನಾನು ಬಾಯಲ್ಲಿ 220 ಹೆಜ್ಜೆ ಎಣಿಸಿದೆ, ಅದು 64 ತೋರಿಸಿತು. ಆಯಿಯ ಮುಖ ಸಣ್ಣಗಾಯಿತು. ವಾಕರ್ ಹಿಡಿದ ಕೈ ಬೀಸುವುದಿಲ್ಲ ಅಲ್ವಾ? ಕೈ ಅಲ್ಲಾಡದಿದ್ದರೆ ವಾಚಿಗೆ ಹೆಜ್ಜೆ ಗೊತ್ತಾಗುವುದಿಲ್ಲ. ನಿಧಾನಕ್ಕೆ ಕಾಲೆಳೆದು ನಡೆದರೆ ಇನ್ನೂ ಕಷ್ಟ. ಈಗ ಅದನ್ನು ಗೆಜ್ಜೆ ಕಟ್ಟುವ ಜಾಗದಲ್ಲಿ ಕಟ್ಟುತ್ತೇನೆ. ನನ್ನ ಎಣಿಕೆಗೆ ಹತ್ತಿರ ಬರುತ್ತದೆ.

ಅದರೊಳಗಿದ್ದ 10,000 ಹೆಜ್ಜೆಯ ಗುರಿಯನ್ನೂ ತೆಗೆಸಿದೆ. ಆ ಸಂಖ್ಯೆ ಬಂದದ್ದು 1965ರಲ್ಲಿ ಜಪಾನಿನಲ್ಲಿ ಮಾರಿದ ಒಂದು ಹೆಜ್ಜೆ ಎಣಿಸುವ ಯಂತ್ರದ ಹೆಸರಿನಿಂದ. ಆಯಿಗೆ ಅದರ ಹಂಗು ಯಾಕೆ? ಹೋದ ವಾರಕ್ಕಿಂತ ನೂರು ಹೆಜ್ಜೆ ಜಾಸ್ತಿಯಾದರೆ ನಮಗೆ ಅದೇ ಹಬ್ಬ.

ಸಂಜೆ ಅವಳೇ ಅಂಗಳಕ್ಕೆ ಇಳಿಯುತ್ತೇನೆ ಅಂದಳು. ಅಡಿಕೆ ಕೊಯ್ಲು ಶುರುವಾಗಿದೆ. ಮರ ಹತ್ತಿ ಅಡಿಕೆ ಕೊಯ್ಯುವ ಕೊನೆಗೌಡ ಇಳಿಸಿದ ರಾಶಿಯ ತನಕ ನಡೆದು, ಒಂದು ಕಾಯಿ ಒತ್ತಿ ನೋಡಿ, ಇದು ಇನ್ನೂ ಎಳೆಯದು, ಯಾರು ಕೊಯ್ಯಲು ಹೇಳಿದ್ದು ಅಂತ ನನ್ನನ್ನೇ ಬೈದಳು. ಸುಸ್ತಾಯ್ತಾ ಅಂದೆ. 'ಅಡ್ಡಿಲ್ಲೆ' ಅಂದಳು. ಹೋಗಿ ಬಂದಿದ್ದು 92 ಹೆಜ್ಜೆ. ಬರೆದಿಟ್ಟಿದ್ದೇನೆ.