ತಿಂಗಳ ಲೆಕ್ಕ, ತಾರೀಖಿನ ಲೆಕ್ಕ

ಓದಲು ಜರ್ಮನಿಗೆ ಹೊರಡೋ ಮೊದಲು ನಾನೊಂದು ಎಕ್ಸೆಲ್ ಹಾಳೆ ಮಾಡಿದ್ದೆ. ಹಸಿರು, ಹಳದಿ ಬಣ್ಣ ಎಲ್ಲ ತುಂಬಿ, ನೋಡಿದರೆ ಯಾರಿಗಾದರೂ ಹುಡುಗಿ ಬುದ್ಧಿವಂತೆ ಅನ್ನಿಸಬೇಕು, ಹಾಗೆ. ಮೇಲ್ಗಡೆ ದಪ್ಪ ಅಕ್ಷರದಲ್ಲಿ 992. ವೀಸಾ ಬೇಕಿದ್ದರೆ ಒಂದು ವರ್ಷದ ಖರ್ಚಿನ ದುಡ್ಡು ಮೊದಲೇ ಬ್ಲಾಕ್ಡ್ ಅಕೌಂಟಿಗೆ (ಹಾಕಿದ ದುಡ್ಡನ್ನು ತಿಂಗಳಿಗೆ ಇಷ್ಟೇ ಅಂತ ಕೊಡುವ ಖಾತೆ) ಹಾಕಿ ತೋರಿಸಬೇಕಲ್ಲ, ಅದು ನಾನು ಹೊರಟಾಗ 11,904 ಯೂರೋ ಇತ್ತು. ಹನ್ನೆರಡರಿಂದ ಭಾಗಿಸಿದರೆ 992. 2024ರ ಸೆಪ್ಟೆಂಬರಿಗೂ ಮೊದಲು ಬಂದವರಿಗೆ 11,208 ಸಾಕಿತ್ತು, ಅದನ್ನು ಕೇಳಿ ಸ್ವಲ್ಪ ಹೊಟ್ಟೆ ಉರಿದಿತ್ತು.

ಕೆಳಗೆ ಸಾಲಾಗಿ: ಬಾಡಿಗೆ 290, ಆರೋಗ್ಯ ವಿಮೆ 145, ಊಟ 180, ಫೋನು 10, ಓದಿಗೆ 30, ಇತರೆ 60. ಒಟ್ಟು 715. ಉಳಿಕೆ 277. ಇದನ್ನು ಹನ್ನೆರಡರಿಂದ ಗುಣಿಸಿ, ಆ ದುಡ್ಡಲ್ಲಿ ಎಲ್ಲೆಲ್ಲಿ ತಿರುಗಬಹುದು ಅಂತ ಪಕ್ಕದ ಕಾಲಮ್ಮಿನಲ್ಲಿ ಊರುಗಳ ಹೆಸರೂ ಬರೆದಿದ್ದೆ. ಮೊದಲ ಹೆಸರು ಪ್ರಾಗ್. ಇನ್ನೂ ಹೋಗಿಲ್ಲ.

ಹಾಳೆಯಲ್ಲಿದ್ದ ಅಂಕಿಗಳಲ್ಲಿ ಒಂದೂ ತಪ್ಪಿರಲಿಲ್ಲ, ಅದೇ ತಮಾಷೆ. ಬಾಡಿಗೆ 290ಕ್ಕೇ ಸಿಕ್ಕಿತು. ವಿಮೆಯೂ ಅಷ್ಟೇ ಆಯಿತು. ಆದರೂ 2025ರ ಅಕ್ಟೋಬರ್ 31ರ ಸಂಜೆ ನನ್ನ ಹತ್ತಿರ ಉಳಿದದ್ದು 16 ಯೂರೋ.

ನಾನಿರುವುದು ಕೆಮ್ನಿಟ್ಸ್‌ನಲ್ಲಿ. ಹಳೆಯ ಪೂರ್ವ ಜರ್ಮನಿಯ ಊರು, 1953ರಿಂದ 1990ರವರೆಗೆ ಇದರ ಹೆಸರು ಕಾರ್ಲ್ ಮಾರ್ಕ್ಸ್ ಸ್ಟಾಟ್. ಊರ ನಡುವೆ ಮಾರ್ಕ್ಸ್‌ನ ಏಳು ಮೀಟರ್ ಎತ್ತರದ ತಲೆ ಇದೆ, ಬರೀ ತಲೆ. ದುಡ್ಡಿನ ಚಿಂತೆ ಮಾಡಿಕೊಂಡು ಓಡಾಡಲು ಇದಕ್ಕಿಂತ ತಕ್ಕ ಜಾಗ ಬೇರೆ ಇಲ್ಲ. ಮ್ಯೂನಿಕ್‌ಗೆ ಹೋಲಿಸಿದರೆ ಬಾಡಿಗೆ ಎಷ್ಟೋ ಕಮ್ಮಿ, ನಾನು ಇಲ್ಲಿಗೆ ಬಂದದ್ದಕ್ಕೆ ಅರ್ಧ ಕಾರಣ ಅದೇ. ನನ್ನ ಕೋರ್ಸಿಗೆ ಬೋಧನಾ ಶುಲ್ಕವೂ ಇಲ್ಲ. (ಜರ್ಮನಿ ಅಂದರೆ ಎಲ್ಲ ಕಡೆ ಪುಕ್ಕಟೆ ಅಂದುಕೊಳ್ಳಬೇಡಿ. ಬಾಡೆನ್ ವ್ಯುರ್ಟೆಂಬೆರ್ಗ್ ರಾಜ್ಯದಲ್ಲಿ ನಮ್ಮಂಥವರು ಸೆಮಿಸ್ಟರಿಗೆ 1,500 ಯೂರೋ ಕಟ್ಟಬೇಕು.)

ಬಂದದ್ದು ಸೆಪ್ಟೆಂಬರ್ 24ಕ್ಕೆ. ರೂಮು ಸಿಗುವುದು ಅಕ್ಟೋಬರ್ 1ಕ್ಕೆ. ನಡುವಿನ ಏಳು ರಾತ್ರಿ ನನ್ನ ಹಾಳೆಯಲ್ಲಿ ಇರಲೇ ಇಲ್ಲ, ಏಕೆಂದರೆ ಹಾಳೆಯಲ್ಲಿ ಇದ್ದದ್ದು ತಿಂಗಳುಗಳು, ರಾತ್ರಿಗಳಲ್ಲ. ಹಾಸ್ಟೆಲ್ಲಿನ ಎಂಟು ಮಂಚದ ಕೋಣೆಯಲ್ಲಿ ದಿನಕ್ಕೆ 32ರಂತೆ 224 ಯೂರೋ ಹೋಯಿತು.

ಅಕ್ಟೋಬರ್ 1, ಬುಧವಾರ. ಮೂರು ಜನ ಹಂಚಿಕೊಂಡಿರುವ ಮನೆಯಲ್ಲಿ ನನ್ನದೊಂದು ರೂಮು. ಬೀಗದ ಕೈ ತೆಗೆದುಕೊಂಡು, ಸಂಜೆ ಐದೂವರೆಗೆ ಒಳಗೆ ಹೋಗಿ ಸ್ವಿಚ್ ಒತ್ತಿದೆ. ಏನೂ ಆಗಲಿಲ್ಲ. ತಲೆ ಎತ್ತಿ ನೋಡಿದರೆ ಸೂರಿನ ನಡುವೆ ಒಂದು ತೂತು, ಅದರಿಂದ ಬೆರಳುದ್ದದ ವೈರುಗಳು ಕೆಳಕ್ಕೆ ಇಳಿಬಿದ್ದಿವೆ, ತುದಿಗೆ ಪ್ಲಾಸ್ಟಿಕ್ಕಿನ ಸಣ್ಣ ಬಿಳಿ ಕನೆಕ್ಟರ್. ಬಲ್ಬ್ ಸುಟ್ಟುಹೋಗಿರಬಹುದು ಅಂದುಕೊಳ್ಳೋಣವೆಂದರೆ ಹೋಲ್ಡರೇ ಇಲ್ಲ. ಇಲ್ಲಿ ಮನೆ ಬಿಡುವವರು ದೀಪ ಬಿಚ್ಚಿಕೊಂಡು ಹೋಗುತ್ತಾರೆ, ಬರುವವರು ತಮ್ಮದನ್ನು ತಂದು ಹಾಕಿಕೊಳ್ಳುತ್ತಾರೆ. ಹಾಸಿಗೆ, ಹೊದಿಕೆ, ಪರದೆ ಯಾವುದೂ ಇರಲಿಲ್ಲ. ಅವತ್ತು ಮೊಬೈಲಿನ ಟಾರ್ಚನ್ನು ಸೂಟ್‌ಕೇಸಿನ ಮೇಲೆ ಕವುಚಿಟ್ಟು, ಜಾಕೆಟ್ ಹೊದ್ದು ನೆಲದ ಮೇಲೆ ಮಲಗಿದೆ. ಗುರುವಾರ ಪರಿಚಯ ಕಾರ್ಯಕ್ರಮ ಮುಗಿಯುವ ಹೊತ್ತಿಗೆ ಕತ್ತಲಾಗಿತ್ತು, ಶುಕ್ರವಾರ ಎಲ್ಲ ತಂದರಾಯಿತು ಅಂದುಕೊಂಡೆ. ಅಕ್ಟೋಬರ್ 3 ಜರ್ಮನಿ ಒಂದಾದ ದಿನ, ರಾಷ್ಟ್ರೀಯ ರಜೆ, ಎಲ್ಲ ಅಂಗಡಿ ಮುಚ್ಚಿರುತ್ತವೆ ಅಂತ ಗೊತ್ತಾದದ್ದು ಬಾಗಿಲ ಮುಂದೆ ಹೋಗಿ ನಿಂತ ಮೇಲೆ. ಶನಿವಾರ ಸಿಕ್ಕಿದ ಬೆಲೆಗೆ ತಂದೆ. ಹಾಸಿಗೆ, ಒಂದು ದೀಪ, ಎರಡು ಪಾತ್ರೆ: 140.

ಇನ್ನು ಠೇವಣಿ. ಬಾಡಿಗೆಯಲ್ಲಿ ಇಲ್ಲಿ ಎರಡು ಅಂಕಿ ಇರುತ್ತವೆ. ಕಾಲ್ಟ್‌ಮೀಟೆ ಅಂದರೆ ಬರೀ ಗೋಡೆಗೆ ಕೊಡುವ ಬಾಡಿಗೆ, ವಾರ್ಮ್‌ಮೀಟೆ ಅಂದರೆ ಹೀಟರು, ನೀರು, ಕಸ ಇತ್ಯಾದಿ ಸೇರಿದ್ದು. ನನ್ನದು 210 ಮತ್ತು 290. ಠೇವಣಿಯನ್ನು ಮೊದಲನೆಯದರ ಮೂರು ಪಟ್ಟಿನವರೆಗೆ ಕೇಳಬಹುದು. ಮಾಲೀಕರು 630 ಕೇಳಿದರು, ಒಟ್ಟಿಗೆ ಕೊಡಬೇಕು ಅಂದರು. ಕೊಟ್ಟೆ. ಅದನ್ನು ಮೂರು ಸಮ ಕಂತಿನಲ್ಲಿ, ತಿಂಗಳಿಗೊಂದರಂತೆ ಕೊಡುವ ಹಕ್ಕು ಬಾಡಿಗೆದಾರರಿಗೆ ಕಾನೂನಿನಲ್ಲೇ ಇದೆ. ಇದು ನನಗೆ ತಿಳಿದದ್ದು ಡಿಸೆಂಬರಿನಲ್ಲಿ! ಮೊದಲ ಕಂತಿನ 210 ಬಿಟ್ಟು ಉಳಿದ 420 ಯೂರೋ ಅಕ್ಟೋಬರ್ ತುಂಬ ನನ್ನ ಹತ್ತಿರವೇ ಇದ್ದಿದ್ದರೆ ಈ ಬರಹ ಬರೆಯುವ ಅಗತ್ಯವೇ ಇರುತ್ತಿರಲಿಲ್ಲವೇನೋ. ಈಗಲೂ ನೆನೆಸಿಕೊಂಡರೆ ಸಿಟ್ಟು ಬರುತ್ತದೆ, ಮಾಲೀಕರ ಮೇಲೆ ಸ್ವಲ್ಪ, ನನ್ನ ಮೇಲೆ ಜಾಸ್ತಿ. ಸಹಿ ಹಾಕುವ ಮುಂಚೆ ಅರ್ಧ ಗಂಟೆ ಓದಿದ್ದರೆ ಆಗುತ್ತಿತ್ತು.

ಬ್ಲಾಕ್ಡ್ ಅಕೌಂಟಿನ 992 ಎಲ್ಲಿ ಹೋಯಿತು ಅಂತ ಕೇಳುತ್ತೀರಿ. ಅದು ವಿಮಾನ ಇಳಿದ ಕೂಡಲೇ ಸಿಗುವುದಿಲ್ಲ. ಅದು ಬರಲು ಇಲ್ಲಿನದೇ ಒಂದು ಬ್ಯಾಂಕ್ ಖಾತೆ ಬೇಕು. ನನಗೆ ಖಾತೆ ಕೊಟ್ಟ ಬ್ಯಾಂಕಿಗೆ ವಿಳಾಸ ನೋಂದಣಿಯ ಕಾಗದ, ಅಂದರೆ ಆನ್‌ಮೆಲ್ಡುಂಗ್, ಬೇಕಿತ್ತು. ಆನ್‌ಮೆಲ್ಡುಂಗಿಗೆ ಮನೆ ಮಾಲೀಕರ ಸಹಿ ಇರುವ ಇನ್ನೊಂದು ಕಾಗದ ಬೇಕು. ಅದು ಸಿಗಬೇಕಾದರೆ ಮನೆಗೆ ಸೇರಿರಬೇಕು, ಸೇರಬೇಕಾದರೆ ದುಡ್ಡು ಕೊಟ್ಟಿರಬೇಕು. ಮನೆಗೆ ಬಂದ ಎರಡು ವಾರದೊಳಗೆ ನೋಂದಾಯಿಸಬೇಕೆಂಬುದು ನಿಯಮ, ನನಗೆ ಸಿಕ್ಕಿದ ಮೊದಲ ಅಪಾಯಿಂಟ್‌ಮೆಂಟ್ ಮಾತ್ರ ಅಕ್ಟೋಬರ್ 21. ಕಚೇರಿಯಲ್ಲಿ ಕೆಲಸ ಹತ್ತು ನಿಮಿಷದಲ್ಲಿ ಮುಗಿಯಿತು. ಆಮೇಲೆ ಖಾತೆ, ಆಮೇಲೆ ವೀಡಿಯೊ ಕರೆಯಲ್ಲಿ ಪಾಸ್‌ಪೋರ್ಟನ್ನು ಹಿಂದೆ ಮುಂದೆ ಓಲಾಡಿಸಿ ತೋರಿಸುವುದು. ಮೊದಲ 992 ಬಂದದ್ದು ನವೆಂಬರ್ 7ಕ್ಕೆ.

ಬ್ಲಾಕ್ಡ್ ಅಕೌಂಟ್ ಬಿಟ್ಟು ಊರಿಂದ 1,500 ಯೂರೋ ತಂದಿದ್ದೆ, ತುಂಬಾ ಜಾಸ್ತಿಯಾಯಿತು ಅಂದುಕೊಂಡು. ಹಾಸ್ಟೆಲ್ 224, ಠೇವಣಿ 630, ಬಾಡಿಗೆ 290, ಸಾಮಾನು 140, ಊಟ ಮತ್ತು ಚಿಲ್ಲರೆ 200. ಕೂಡಿ ನೋಡಿ, 1,484. ನವೆಂಬರಿನ ಬಾಡಿಗೆ ಮೂರನೇ ಕೆಲಸದ ದಿನದೊಳಗೆ, ಅಂದರೆ 5ನೇ ತಾರೀಖಿಗೆ, ಹೋಗಬೇಕು. ಕೈಯಲ್ಲಿ ಹದಿನಾರು.

ಆವತ್ತು ಅಪ್ಪ ಫೋನಿನಲ್ಲಿ "ದುಡ್ಡು ಇದೆಯೇನಮ್ಮಾ?" ಅಂತ ಕೇಳಿದರು. "ಹೂಂ ಅಪ್ಪಾ, ಇನ್ನೂ ಹಾಗೇ ಇದೆ" ಅಂದೆ.

ಆಮೇಲೆ ಹೋಗಿದ್ದು ಅಕ್ಕನ ಹತ್ತಿರ. ಸ್ವಂತ ಅಕ್ಕ ಅಲ್ಲ, ನನಗಿಂತ ಒಂದು ವರ್ಷ ಮೊದಲು ಬಂದ ಕನ್ನಡದವಳು, ಎಲ್ಲರಿಗೂ ಅಕ್ಕ. 280 ಕೊಟ್ಟಳು. ಕೊಟ್ಟು, "ಎಲ್ಲಿ, ನಿನ್ನ ಲೆಕ್ಕ ತೋರಿಸು" ಅಂದಳು. ಲ್ಯಾಪ್‌ಟಾಪ್ ತೆರೆದೆ. ಬಣ್ಣಗಳನ್ನು ನೋಡಿ ನಕ್ಕಳು.

"ಬಾಡಿಗೆ ತಿಂಗಳಿಗೆ 290. ಸರಿ. ಯಾವ ತಾರೀಖು?"

"ಒಂದನೇ ವಾರ."

"ದುಡ್ಡು ಬರೋದು?"

ನಾನು ಸುಮ್ಮನಿದ್ದೆ.

"ತಿಂಗಳ ಲೆಕ್ಕ ಸಂಬಳದವರಿಗೆ ಕಣೇ. ನೀನು ತಾರೀಖಿನ ಲೆಕ್ಕ ಬರಿ. ಎಡಗಡೆ ಬರೀ ತಾರೀಖು, ಬಲಗಡೆ ಅವತ್ತು ರಾತ್ರಿ ಕೈಯಲ್ಲಿ ಎಷ್ಟಿರುತ್ತೆ ಅನ್ನೋದು. ಅಷ್ಟೇ."

ಅವಳ ಅಡುಗೆಮನೆಯಲ್ಲೇ ಕೂತು ಹೊಸ ಹಾಳೆ ಶುರು ಮಾಡಿದೆ. ತಾರೀಖು ಬರೆಯುತ್ತಾ ಹೋದ ಹಾಗೆ, ತಿಂಗಳ ಲೆಕ್ಕದಲ್ಲಿ ಕಾಣದೇ ಇದ್ದವೆಲ್ಲ ಎದ್ದು ಬಂದವು. ನವೆಂಬರಿನಲ್ಲಿ ವಿಮೆಯವರು ಅಕ್ಟೋಬರಿನದ್ದೂ ಸೇರಿಸಿ ಎರಡು ತಿಂಗಳದ್ದನ್ನು ಒಟ್ಟಿಗೆ ಎಳೆದುಕೊಳ್ಳುತ್ತಾರೆ, ಸುಮಾರು 290. ನಿವಾಸ ಪರವಾನಗಿಯ ಕಾರ್ಡಿಗೆ 100. ಅಕ್ಕನಿಗೆ 280. ಅಂದರೆ ನನ್ನ ಮೊದಲ 992 ಬರುವ ಮುಂಚೆಯೇ 322 ಆಗಿಹೋಗಿತ್ತು.

ರೇಡಿಯೊ ಮತ್ತು ಟೀವಿ ಶುಲ್ಕ ಅಂತ ಒಂದಿದೆ, ಮನೆಯೊಂದಕ್ಕೆ ತಿಂಗಳಿಗೆ 18.36. ಟೀವಿ ಇಲ್ಲದಿದ್ದರೂ ಕೊಡಬೇಕು. ಮೂರು ತಿಂಗಳಿಗೆ ಸೇರಿಸಿ 55.08 ಕಟ್ಟಿ ಅಂತ ಪತ್ರ ಬಂದಾಗ ಯಾರೋ ಮೋಸ ಮಾಡುತ್ತಿದ್ದಾರೆ ಅಂದುಕೊಂಡು ಕಸಕ್ಕೆ ಹಾಕಲು ಹೊರಟಿದ್ದೆ. ಮನೆಯಲ್ಲಿ ಒಬ್ಬರು ಕಟ್ಟಿದರೆ ಸಾಕು, ಹಂಚಿಕೊಂಡರೆ ತಲೆಗೆ 6.12. ಬೋಧನಾ ಶುಲ್ಕ ಇಲ್ಲದಿದ್ದರೂ ಸೆಮಿಸ್ಟರ್ ಶುಲ್ಕ ಅಂತ ಬೇರೆ ಒಂದಿದೆ, ಆರು ತಿಂಗಳಿಗೊಮ್ಮೆ. ಮೊದಲನೆಯದನ್ನು ಊರಿಂದಲೇ ಕಟ್ಟಿದ್ದರಿಂದ, ಬೇಸಿಗೆ ಸೆಮಿಸ್ಟರಿಗೆ ಚಳಿಗಾಲದಲ್ಲೇ ಮತ್ತೆ ಕಟ್ಟಬೇಕು ಅನ್ನುವುದು ಮರೆತೇಹೋಗಿತ್ತು. ನಮ್ಮಲ್ಲಿ ಬಸ್ಸು, ಟ್ರಾಮಿನ ಪಾಸು ಅದರೊಳಗೇ ಬರುತ್ತದೆ. ಬಾರದ ಕಡೆ ಓದುವವರು ಡಾಯ್ಚ್‌ಲಾಂಡ್ ಟಿಕೆಟ್ ಅನ್ನುವ, ದೇಶವಿಡೀ ನಡೆಯುವ ತಿಂಗಳ ಪಾಸು ಕೊಳ್ಳಬೇಕಾದೀತು, 2025ರಲ್ಲಿ 58 ಇದ್ದದ್ದು 2026ರ ಜನವರಿಯಿಂದ 63 ಆಗಿದೆ.

ಕೆಲಸದ ಬಗ್ಗೆ. ಬರುವ ಮೊದಲು ಎಲ್ಲರೂ ಹೇಳುತ್ತಾರೆ, ಪಾರ್ಟ್ ಟೈಮ್ ಸಿಗುತ್ತೆ ಬಿಡು ಅಂತ. ಸಿಗುತ್ತದೆ. ವರ್ಷಕ್ಕೆ 140 ಪೂರ್ತಿ ದಿನ ಅಥವಾ 280 ಅರ್ಧ ದಿನ ದುಡಿಯಲು ನಮಗೆ ಅವಕಾಶ ಇದೆ. ನನಗೆ ಸಿಕ್ಕಿದ್ದು ಫೆಬ್ರುವರಿಯಲ್ಲಿ, ಜರ್ಮನ್ ತಕ್ಕಮಟ್ಟಿಗೆ ಬಂದ ಮೇಲೆ, ಒಂದು ಗೋದಾಮಿನಲ್ಲಿ ಪೆಟ್ಟಿಗೆ ಕಟ್ಟುವ ಮಿನಿಜಾಬ್, ಅಂದರೆ ತಿಂಗಳ ಸಂಬಳಕ್ಕೆ ಮಿತಿ ಇರುವ ಸಣ್ಣ ಕೆಲಸ. ಗಂಟೆಗೆ ಕನಿಷ್ಠ ಕೂಲಿ ಈಗ 13.90, ಮಿನಿಜಾಬಿನ ಮಿತಿ ತಿಂಗಳಿಗೆ 603. ಭಾಗಿಸಿದರೆ ನಲವತ್ತಮೂರು ಗಂಟೆ ಚಿಲ್ಲರೆ, ವಾರಕ್ಕೆ ಹತ್ತು. ಓದಿನ ಜೊತೆ ಇಷ್ಟು ಆಗುತ್ತದೆ. ಪರೀಕ್ಷೆಯ ವಾರಗಳಲ್ಲಿ ಇದೂ ಆಗುವುದಿಲ್ಲ. ಹಾಗಾಗಿ ಸಿಗದ ಕೆಲಸದ ಸಂಬಳವನ್ನು ಹಾಳೆಯಲ್ಲಿ ಬರೆಯುವುದನ್ನು ನಾನು ಬಿಟ್ಟಿದ್ದೇನೆ. ಸಂಬಳ ಬಂದ ದಿನ ಬರೆಯುತ್ತೇನೆ.

ಹೊರಡುವ ತಯಾರಿಯಲ್ಲಿರುವವರು ಈಗ ನನ್ನನ್ನು ಕೇಳುತ್ತಾರೆ, ಬ್ಲಾಕ್ಡ್ ಅಕೌಂಟ್ ಬಿಟ್ಟು ಎಷ್ಟು ತರಬೇಕು ಅಂತ. ಕೆಮ್ನಿಟ್ಸ್‌ನಂಥ ಅಗ್ಗದ ಊರಿಗೆ 2,500 ಅನ್ನುತ್ತೇನೆ, ದುಬಾರಿ ಊರಿಗೆ ಇನ್ನೂ ಮೇಲೆ. ಅಷ್ಟು ಆಗದಿದ್ದರೆ ಠೇವಣಿಯ ಕಂತಿನ ಮಾತನ್ನು ಸಹಿ ಹಾಕುವ ಮೊದಲೇ ಎತ್ತಿ. ಒಮ್ಮೆ ಬಳಸಿ ಬಿಡುವ ಪ್ಲಾಸ್ಟಿಕ್ ನೀರಿನ ಬಾಟಲಿಯನ್ನು ಖಾಲಿಯಾದ ಮೇಲೆ ಅಂಗಡಿಗೆ ಮರಳಿಸಿದರೆ 25 ಸೆಂಟ್ ವಾಪಸ್ ಬರುತ್ತೆ, ಎಸೆಯಬೇಡಿ ಅಂತಲೂ ಹೇಳುತ್ತೇನೆ, ಅವರಿಗೆ ನಗು ಬರುತ್ತದೆ. ನವೆಂಬರ್ 6ರ ನನ್ನ ರಾತ್ರಿ ಊಟ ಒಂಬತ್ತು ಬಾಟಲಿಗಳದ್ದು.

ಹಾಳೆಗೆ ಈಗ ಬಣ್ಣ ಇಲ್ಲ. ಉದ್ದಕ್ಕೆ ಇಳಿಯುತ್ತಾ ಹೋಗುತ್ತದೆ, ಮುಂದಿನ ಚಳಿಗಾಲದವರೆಗೆ. ಪರವಾನಗಿ ನವೀಕರಣಕ್ಕೆ ಮುಂದಿನ ಖರ್ಚಿಗೆ ದುಡ್ಡಿದೆಯೆಂದು ಮತ್ತೆ ತೋರಿಸಬೇಕು, ಒಮ್ಮೆ ತೋರಿಸಿದ್ದು ಮುಗಿಯಿತು ಅಂತಲ್ಲ. ಅದಕ್ಕೆ ಆಗಸ್ಟ್ 20 ಅಂತ ಬರೆದಿಟ್ಟಿದ್ದೇನೆ. ಅದರ ಬಲಗಡೆ ಇನ್ನೂ ಖಾಲಿ. ಅಪ್ಪನಿಗೆ ಈ ಭಾನುವಾರ ಫೋನ್ ಮಾಡಿದಾಗ ಹೇಳಬೇಕು.