ಯಾರ ಮನೆಯವನು?

ಬೆಳಿಗ್ಗೆ ಮಂಡ್ಯದಲ್ಲಿ ಬಸ್ ಹತ್ತಿದೆ. ಪಕ್ಕದಲ್ಲಿದ್ದ ಹಿರಿಯರು ಹೆಸರು ಕೇಳಲಿಲ್ಲ, "ಯಾವ ಊರಪ್ಪಾ, ಯಾರ ಮಗ?" ಎಂದರು. ಅಪ್ಪನ ಹೆಸರಿಗೆ ಗುರುತು ಹತ್ತಲಿಲ್ಲ. "ಆಲೆಮನೆಯವರ ಮೊಮ್ಮಗ" ಎಂದೊಡನೆ ಮುಖ ಅರಳಿತು, ನನ್ನ ಕೈಗೆ ಎರಡು ಬಾಳೆಹಣ್ಣು ಬಂದವು. ಆಲೆಮನೆ ಮುಚ್ಚಿ 20 ವರ್ಷವಾಯಿತು. ಕೊಪ್ಪರಿಗೆಯಿಂದ ಪಾಕ ಯಾವಾಗ ಇಳಿಸಬೇಕೆಂಬುದೂ ನನಗೆ ತಿಳಿಯದು.

ಸುಮಾರು 45 ಕಿಲೋಮೀಟರ್ ದಾಟಿ ಮೈಸೂರಿನ ಕಚೇರಿಗೆ ಬಂದರೆ ನಾನು ಬರೀ 'ಮಂಡ್ಯದವನು'. "ಏನಪ್ಪಾ, ಮಂಡ್ಯದವನಾಗಿ ಸುಮ್ಮನೆ ಕುಳಿತಿದ್ದೀಯಲ್ಲ?" ಎನ್ನುತ್ತಾರೆ. (ಒಮ್ಮೊಮ್ಮೆ ಅವರಿಗಾಗಿಯೇ ದನಿ ಏರಿಸುತ್ತೇನೆ.)

ಮಂಡ್ಯ ಜಿಲ್ಲೆಯಾದದ್ದು 1939ರಲ್ಲಿ. ಅದಕ್ಕೆ ಮುಂಚೆ ಹುಟ್ಟಿದ ತಾತ ಮೈಸೂರು ಜಿಲ್ಲೆಯವರು; ಹೊಸ್ತಿಲು ದಾಟದೆಯೇ ಮಂಡ್ಯದವರಾದರು. ಅವರ ಸಿಟ್ಟು ಮಾತ್ರ ಅದಕ್ಕೂ ಹಿಂದಿನದು ಎಂದು ಅಜ್ಜಿ ಹೇಳುತ್ತಿದ್ದರು.